ಬಚ್ಚಲಲ್ಲಿ ಯಾರೂ ಬಿದ್ದಿರಲಿಲ್ಲ

ಮೊದಲು ನೋಡಿದ್ದು ನಾನಲ್ಲ. ಬೆನ್ನು ನನ್ನದೇ ಆದರೂ ಅದನ್ನು ನೋಡುವ ಭಾಗ್ಯ ಯಾವಾಗಲೂ ಬೇರೆಯವರದು.

ಜಿಮ್ಮಿನ ಮೂಲೆಯಲ್ಲಿ ಬಟ್ಟೆ ಬದಲಿಸುತ್ತಿದ್ದಾಗ ಜೊತೆಯ ಹುಡುಗಿಯೊಬ್ಬಳು, "ಅಕ್ಕಾ, ನಿಮ್ ಬೆನ್ನೇನು ಹಿಂಗಾಗಿದೆ?" ಅಂದಳು. ನನ್ನದೇ ಮೊಬೈಲಿನಲ್ಲಿ ಫೋಟೋ ತೆಗೆದು ತೋರಿಸಿದಳು. ಹೆಗಲಿನ ಕೆಳಗಿನಿಂದ ಸೊಂಟದವರೆಗೆ ಅಲ್ಲಲ್ಲಿ ಕಲೆ. ಕೆಲವು ನೇರಳೆ ಹಣ್ಣಿನ ಬಣ್ಣ. ಕೆಲವು ಹಳೆಯದಾಗಿ ಹಳದಿಗೆ ತಿರುಗಿದ್ದವು. ಒಂದಂತೂ ಅಂಗೈ ಅಗಲ ಇತ್ತು.

ನೋವಿರಲಿಲ್ಲ.

ನೋವಿಲ್ಲ ಅಂದಮೇಲೆ ರೋಗವೂ ಇಲ್ಲ ಅಂದುಕೊಂಡೆ. ಅಷ್ಟೇ ಅಲ್ಲ, ಒಳಗೊಳಗೇ ಸ್ವಲ್ಪ ಹೆಮ್ಮೆಯೂ ಆಯಿತು. ಮೂವತ್ತಾರು ವರ್ಷದ ಹೆಂಗಸು ನಾನು, ಶಂಕರಘಟ್ಟದ ಒಂದು ಆಫೀಸಿನಲ್ಲಿ ಗುತ್ತಿಗೆಯ ಮೇಲೆ ಕಂಪ್ಯೂಟರ್ ಒತ್ತುವವಳು. ದಿನಾ ಶಿವಮೊಗ್ಗದಿಂದ ಬಸ್ಸಿನಲ್ಲಿ ಹೋಗಿ ಬಂದು, ಕೂತೂ ಕೂತೂ ಸೊಂಟ ಹಿಡಿದುಕೊಂಡಿತ್ತು. ವ್ಯಾಯಾಮ ಮಾಡಿ ಅಂತ ಡಾಕ್ಟರು ಹೇಳಿದ್ದಕ್ಕೆ ಜಿಮ್ಮಿಗೆ ಸೇರಿದೆ. ಸೇರಿದ ಮೇಲೆ ಸೊಂಟ ಮರೆತುಹೋಯಿತು, ಕಬ್ಬಿಣದ ಹುಚ್ಚು ಹಿಡಿಯಿತು. ಒಂದೂವರೆ ವರ್ಷದಲ್ಲಿ ಹೆಗಲ ಮೇಲೆ ಎಂಬತ್ತು ಕೆಜಿ ಹೊತ್ತು ಕೂತು ಏಳುತ್ತಿದ್ದೆ. ನನ್ನ ಗಂಡನ ತೂಕ ಐವತ್ತನಾಲ್ಕು. ಈ ಎರಡು ಅಂಕಿಗಳನ್ನು ಓದುವವರು ನೆನಪಿಟ್ಟುಕೊಳ್ಳಬೇಕು.

ಜಿಮ್ಮು ಇರುವುದು ಗಾಂಧಿ ಬಜಾರಿನ ಹಿಂದಿನ ರಸ್ತೆಯಲ್ಲಿ. ಮೊದಲು ಅದು ಮೆಣಸಿನಕಾಯಿ ಗೋದಾಮಾಗಿತ್ತು. ಈಗಲೂ ತೂಕ ಜೋರಾಗಿ ನೆಲಕ್ಕೆ ಬಿದ್ದರೆ ಎಲ್ಲರಿಗೂ ಸೀನು ಬರುತ್ತದೆ. ನಡೆಸುವವರು ಆಸಿಫ್ ಸರ್. ಅವರಿಗೆ ಫೋಟೋ ತೋರಿಸಿದೆ. ಮೊಬೈಲನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿದರು.

"ಅಕ್ಕಾ, ಇದು ರಾಡಿನ ಗುರುತಲ್ಲ. ರಾಡು ಕೂರೋದು ಇಲ್ಲಿ, ಕತ್ತಿನ ಕೆಳಗೆ. ನಿಮ್ದು ಕಲೆ ಎಲ್ಲ ಕೆಳಗಡೆ ಇದಾವೆ. ರಾಡು ಹೋಗದೇ ಇರೋ ಜಾಗ. ಒಂದ್ಸಲ ಬ್ಲಡ್ ಟೆಸ್ಟ್ ಮಾಡ್ಸಿಬಿಡಿ."

"ಮಾಡಿಸ್ತೀನಿ ಸರ್" ಅಂದೆ.

ಮಾಡಿಸಲಿಲ್ಲ. ಮಾಡಿಸಿದ್ದರೆ ಇದನ್ನು ಬರೆಯುವ ಅಗತ್ಯವೇ ಬೀಳುತ್ತಿರಲಿಲ್ಲ. ಹಲ್ಲುಜ್ಜುವಾಗ ವಸಡಿನಿಂದ ರಕ್ತ ಬರುತ್ತಿತ್ತು, ಬ್ರಷ್ ಬದಲಿಸಿದೆ. ಮೊಣಕಾಲ ಕೆಳಗೆ ರಾಗಿ ಕಾಳು ಚೆಲ್ಲಿದ ಹಾಗೆ ಕೆಂಪು ಚುಕ್ಕೆ ಬಂದಿದ್ದವು, ಸೊಳ್ಳೆ ಅಂದುಕೊಂಡೆ. ಆ ತಿಂಗಳು ಮುಟ್ಟು ಹನ್ನೊಂದು ದಿನ ನಿಲ್ಲಲಿಲ್ಲ. ವಯಸ್ಸು ಅಂದುಕೊಂಡೆ. ಪ್ರತಿಯೊಂದಕ್ಕೂ ಒಂದು ಸಮಜಾಯಿಷಿ ನನ್ನ ಹತ್ತಿರ ಸಿದ್ಧವಿತ್ತು.

ನನ್ನ ಗಂಡ ಮಂಜುನಾಥ ದರ್ಜಿ. ಗಾಂಧಿ ಬಜಾರಿನ ಒಂದು ಓಣಿಯಲ್ಲಿ ಇವರದು ಒಂದೇ ಬಾಗಿಲಿನ ಅಂಗಡಿ, ಹೊಲಿಯುವುದು ಹೆಚ್ಚಾಗಿ ರವಿಕೆ. ಕಲೆ ನೋಡಿ ಇವರು ಗಾಬರಿಯಾದರು, ಆದರೆ ಗಾಬರಿಯಾದರೆ ಇವರಿಗೆ ಗೊತ್ತಿರುವುದು ಹೊಲಿಯುವುದೊಂದೇ. ರಾಡಿಗೆ ಸುತ್ತಲು ಹತ್ತಿ ತುಂಬಿದ ದಿಂಬೊಂದನ್ನು ಹೊಲಿದುಕೊಟ್ಟರು, ಹೊರಗೆ ಉಳಿದ ಮಖಮಲ್ಲಿನ ಬಟ್ಟೆ ಹಾಕಿ. ಮರುವಾರ ಕಲೆ ಹೆಚ್ಚಾದವು. ಇವರು ಹತ್ತಿ ಹೆಚ್ಚು ಮಾಡಿದರು. ಅದರ ಮರುವಾರ ಇನ್ನೂ ಹೆಚ್ಚು. ಜಿಮ್ಮಿನಲ್ಲಿ ಎಲ್ಲರೂ ಅದಕ್ಕೆ "ರಾಣಿ ದಿಂಬು" ಅಂತ ಹೆಸರಿಟ್ಟು ನಕ್ಕರು, ನಾನೂ ನಕ್ಕೆ.

ಅಮ್ಮನ ರವಿಕೆ ಹೊಲಿಯುವುದೂ ಇವರೇ. ಪ್ರತಿ ಹಬ್ಬಕ್ಕೆ ಎರಡು. ಅಮ್ಮನದು ಒಂದೇ ಹಠ: ಬೆನ್ನು ಕತ್ತಿನವರೆಗೆ ಮುಚ್ಚಿರಬೇಕು. ಭದ್ರಾವತಿಯ ಬೇಸಿಗೆಯಲ್ಲೂ ಹಾಗೇ. ಒಂದು ಸಲ ಇವರು ಒಂದಿಂಚು ಇಳಿಸಿ ಹೊಲಿದಿದ್ದಕ್ಕೆ ಅಮ್ಮ ಅದನ್ನು ಹಾಕಲೇ ಇಲ್ಲ. ಪಕ್ಕದ ಮನೆಯವರಿಗೆ ಕೊಟ್ಟುಬಿಟ್ಟಳು.

ನಾನು ಭಾರ ಎತ್ತುತ್ತೇನೆ ಅನ್ನುವುದು ತವರಿನಲ್ಲಿ ಗೊತ್ತಿರಲಿಲ್ಲ. ಯೋಗಾ ಕ್ಲಾಸಿಗೆ ಹೋಗುತ್ತೇನೆ ಅಂತ ಹೇಳಿದ್ದೆ. ಮಕ್ಕಳಾಗದ ಹೆಂಗಸು ಕಬ್ಬಿಣ ಎತ್ತುತ್ತಾಳೆ ಅಂದರೆ ಅಮ್ಮ ಏನನ್ನುತ್ತಾಳೆ ಅಂತ ನನಗೆ ಗೊತ್ತಿತ್ತು. ಒಂದು ಸಣ್ಣ ಸುಳ್ಳಿನಲ್ಲಿ ಒಂದು ದೊಡ್ಡ ಜಗಳ ತಪ್ಪುತ್ತದೆ ಅಂತ ಲೆಕ್ಕ ಹಾಕಿದ್ದೆ.

ದೀಪಾವಳಿಗೆ ಒಂದು ದಿನ ಮೊದಲೇ ಭದ್ರಾವತಿಗೆ ಹೋದೆ. ಇವರಿಗೆ ಹಬ್ಬದ ರವಿಕೆಗಳನ್ನು ಮುಗಿಸಿ ಕೊಡುವುದಿತ್ತು, ಮರುದಿನ ಮಧ್ಯಾಹ್ನ ಬರುತ್ತೇನೆ ಅಂದರು. ಅಪ್ಪ ಕಾಗದದ ಕಾರ್ಖಾನೆಯಲ್ಲಿದ್ದವರು, ನಾವು ಬೆಳೆದಿದ್ದು ಕಾಗದನಗರದ ಕ್ವಾರ್ಟರ್ಸಿನಲ್ಲಿ. ಅಪ್ಪ ತೀರಿಕೊಂಡು ಒಂಬತ್ತು ವರ್ಷವಾಯಿತು. ಈಗಿನ ಮನೆ ಅದರ ಹತ್ತಿರವೇ ಅಣ್ಣ ಲೋಕೇಶ ಕಟ್ಟಿಸಿದ್ದು. ಅಣ್ಣನದು ವೆಲ್ಡಿಂಗ್ ಶಾಪು. ನನಗಿಂತ ಐದು ವರ್ಷ ದೊಡ್ಡವನು, ಆನೆಯಂಥ ಆಳು, ಇನ್ನೂ ಮದುವೆಯಾಗಿಲ್ಲ.

ನಮ್ಮ ಕಡೆ ಹಬ್ಬದ ಬೆಳಗ್ಗೆ ಎಣ್ಣೆ ಶಾಸ್ತ್ರ. ಮಗಳಿಗೆ ಎಷ್ಟೇ ವಯಸ್ಸಾಗಿರಲಿ, ತವರಿಗೆ ಬಂದರೆ ಅವತ್ತು ಅವಳು ಮಣೆಯ ಮೇಲೆ ಕೂರಬೇಕು, ತಾಯಿ ನೆತ್ತಿಗೆ ಎಣ್ಣೆ ಒತ್ತಿ ಬೆನ್ನು ತಿಕ್ಕಬೇಕು. ತಪ್ಪಿಸಿಕೊಳ್ಳಲು ನೋಡಿದೆ. "ನಾನೇ ಹಚ್ಕೋತೀನಿ ಬಿಡಮ್ಮ" ಅಂದೆ. ಅಮ್ಮ ಕೇಳಲಿಲ್ಲ. ಬಚ್ಚಲಿನ ದೀಪ ಮಂಕಾಗಿದೆ, ಕಾಣಿಸಲಿಕ್ಕಿಲ್ಲ ಅಂತ ಧೈರ್ಯ ಮಾಡಿ ಕೂತೆ.

ಅಮ್ಮನ ಕೈ ಬೆನ್ನಿನ ಮೇಲೆ ಎರಡು ಸಲ ಓಡಾಡಿತು. ಮೂರನೆಯ ಸಲ ನಿಂತಿತು.

"ಏನೇ ಇದು?"

"ಏನಿಲ್ಲಮ್ಮ. ಬಚ್ಚಲಲ್ಲಿ ಜಾರಿ ಬಿದ್ದೆ."

ಬಾಯಿಗೆ ಬಂದಿದ್ದೇ ಅದು. ಜಗತ್ತಿನಲ್ಲಿ ಬೇಕಾದಷ್ಟು ಸುಳ್ಳುಗಳಿದ್ದವು. ಬಸ್ಸಿನಲ್ಲಿ ತಾಗಿತು ಅನ್ನಬಹುದಿತ್ತು, ಮೆಟ್ಟಿಲಿಂದ ಬಿದ್ದೆ ಅನ್ನಬಹುದಿತ್ತು. ಆದರೆ ನಮ್ಮ ಮನೆಯಲ್ಲಿ ಕಲೆಗಳಿಗೆ ಹೇಳುತ್ತಿದ್ದ ಮಾತು ಅದೊಂದೇ. ಅಮ್ಮ ವರ್ಷಗಟ್ಟಲೆ ಅದನ್ನೇ ಹೇಳಿದ್ದಳು. ಅಕ್ಕಪಕ್ಕದವರಿಗೆ, ಅಜ್ಜಿಗೆ, ಕ್ವಾರ್ಟರ್ಸಿನ ಡಾಕ್ಟರಿಗೆ. ನಮ್ಮ ಬಚ್ಚಲಷ್ಟು ಜಾರುವ ಬಚ್ಚಲು ಇಡೀ ಕಾಗದನಗರದಲ್ಲಿ ಇರಲಿಲ್ಲ.

ಅಪ್ಪ ಹೊಡೆಯುವಾಗ ಅಣ್ಣ ನನ್ನನ್ನು ಬಾಗಿಲ ಹಿಂದೆ ಕೂರಿಸಿಕೊಂಡು ಎರಡೂ ಕೈಯಿಂದ ನನ್ನ ಕಿವಿ ಮುಚ್ಚುತ್ತಿದ್ದ. ಅವನ ಕಿವಿ ಮುಚ್ಚುವವರು ಯಾರೂ ಇರಲಿಲ್ಲ. ಅವನು ಎಲ್ಲವನ್ನೂ ಕೇಳಿಸಿಕೊಂಡು ಬೆಳೆದ.

ಅಮ್ಮ ಎಣ್ಣೆ ಬಟ್ಟಲು ಕೆಳಗಿಟ್ಟಳು. ಬಿಸಿನೀರು ಹೊಯ್ದಳು. ಸೀರೆ ಉಟ್ಟು ನಾನು ಹೊರಗೆ ಬರುವಷ್ಟರಲ್ಲಿ ಅವಳು ಅಣ್ಣನ ಜೊತೆ ಹಿತ್ತಲಿನಲ್ಲಿ ನಿಂತಿದ್ದಳು. ಅಣ್ಣ ನನ್ನನ್ನು ನೋಡಿ ಮುಖ ತಿರುಗಿಸಿದ. ಹೂ ಕಟ್ಟುವುದಿದೆ, ಹೂರಣ ರುಬ್ಬುವುದಿದೆ ಅಂತ ನಾನು ಒಳಗೆ ಹೋದೆ.

ಇವರು ಬಂದಾಗ ಮಧ್ಯಾಹ್ನ ಒಂದು ಗಂಟೆ. ಒಂದು ಕೈಯಲ್ಲಿ ಸ್ವೀಟ್ ಬಾಕ್ಸು, ಇನ್ನೊಂದರಲ್ಲಿ ಅಮ್ಮನ ರವಿಕೆಯ ಕವರು. ಅಣ್ಣ ಗೇಟಿನಲ್ಲೇ ನಿಂತಿದ್ದ. ಯಾವಾಗಲೂ "ಬನ್ನಿ ಭಾವ" ಅನ್ನುವವನು ಅವತ್ತು "ಬಾರೋ" ಅಂದ. ಹಬ್ಬದ ತಮಾಷೆ ಅಂದುಕೊಂಡು ಇವರು ನಕ್ಕರಂತೆ.

ಮೊದಲ ಏಟು ಆ ನಗುವಿನ ಮೇಲೇ ಬಿತ್ತು.

ಅಡುಗೆಮನೆಯಿಂದ ಓಡಿಬಂದಾಗ ಇವರು ಅಂಗಳದಲ್ಲಿ ಮಂಡಿಯೂರಿದ್ದರು. ಕನ್ನಡಕ ಒಡೆದಿತ್ತು. ತುಟಿಯಿಂದ ರಕ್ತ ಸುರಿಯುತ್ತಿತ್ತು. ಅಣ್ಣ ಹೊಟ್ಟೆಗೆ ಒದ್ದ. ಕೂದಲು ಹಿಡಿದು ಮುಖ ಎತ್ತಿ ಮತ್ತೆ ಹೊಡೆದ. ಪಕ್ಕೆಗೆ ಒದ್ದಾಗ ಇವರ ಬಾಯಿಂದ ಬಂದ ಸದ್ದು ಮನುಷ್ಯರದ್ದಾಗಿರಲಿಲ್ಲ. ಅಮ್ಮ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ತಡೆಯಲಿಲ್ಲ.

"ಯಾವ ಕೈಲೋ ಹೊಡ್ದೆ ಅವಳಿಗೆ? ಹೇಳೋ. ಈ ಕೈಲಾ?"

ಬಲಗೈ ಹಿಡಿದ. ತೋರುಬೆರಳು, ನಡುಬೆರಳು ಎರಡನ್ನೂ ಕೂಡಿಸಿ ಹಿಂದಕ್ಕೆ ಮಡಚಿದ. ಒಣಗಿದ ಕಡ್ಡಿ ಮುರಿದ ಸದ್ದು ಬಂತು.

ದರ್ಜಿಯ ಬಲಗೈ ಅದು.

ನಾನು ಮಧ್ಯೆ ನುಗ್ಗಿದೆ. ಅಣ್ಣ ನನ್ನ ರಟ್ಟೆ ಹಿಡಿದು ಪಕ್ಕಕ್ಕೆ ತಳ್ಳಿದ. ಹೊಡೆಯಲಿಲ್ಲ, ಅದನ್ನು ಸ್ಪಷ್ಟವಾಗಿ ಹೇಳಬೇಕು. ನನ್ನ ಮೇಲೆ ಅವನು ಯಾವತ್ತೂ ಕೈ ಮಾಡಿದವನಲ್ಲ. ಹಿಡಿದ, ತಳ್ಳಿದ, ಅಷ್ಟೇ. ನಾನು ಗೋಡೆಗೆ ಹೋಗಿ ಬಿದ್ದೆ. ಅವನು ಮತ್ತೆ ಇವರ ಕಡೆ ತಿರುಗಿದ.

ಮುಂದಿನದನ್ನು ಹೇಳಲು ನನಗೆ ನಾಚಿಕೆಯಿಲ್ಲ. ಎದ್ದೆ. ಕಾಲು ಅಗಲಿಸಿದೆ. ಬೆನ್ನು ನೇರ ಮಾಡಿದೆ. ಹಿಂದಿನಿಂದ ಅವನ ಸೊಂಟ ಸುತ್ತಿ ಹಿಡಿದು, ಆಸಿಫ್ ಸರ್ ಹೇಳಿಕೊಟ್ಟ ಹಾಗೆ ಉಸಿರು ಕಟ್ಟಿ, ನೆಲದಿಂದ ಎತ್ತಿದೆ. ನನ್ನ ಅಣ್ಣನ ಕಾಲುಗಳು ಗಾಳಿಯಲ್ಲಿ ಒದ್ದಾಡಿದವು. ನೀರಿನ ಡ್ರಮ್ಮಿನ ಮೇಲೆ ಎಸೆದೆ. ಬಿದ್ದವನ ಎದೆಯ ಮೇಲೆ ಕೂತು ಮುಖಕ್ಕೆ ಗುದ್ದಿದೆ. ಮೂರೋ ನಾಲ್ಕೋ. ಅವನ ತುಟಿ ಸೀಳಿತು. ನನಗೆ ಹಿತವಾಯಿತು. ಇನ್ನೂ ಗುದ್ದುತ್ತಿದ್ದೆ, ಅಷ್ಟರಲ್ಲಿ ಅವನ ಅಂಗಿಯ ಮೇಲೆ ರಕ್ತ ತೊಟ್ಟಿಕ್ಕತೊಡಗಿತು. ಅವನದೇ ಅಂದುಕೊಂಡೆ.

ಅದು ನನ್ನ ಮೂಗಿನಿಂದ ಬರುತ್ತಿತ್ತು. ಯಾರೂ ನನ್ನ ಮೂಗು ಮುಟ್ಟಿರಲಿಲ್ಲ.

ಸೆರಗು ಒತ್ತಿ ಹಿಡಿದೆ. ಸೆರಗು ನೆನೆಯಿತು. ಅಮ್ಮ ಟವೆಲು ತಂದಳು, ಅದೂ ನೆನೆಯಿತು. ಅಣ್ಣ ಬಿದ್ದಲ್ಲೇ ಬಿದ್ದುಕೊಂಡು ನನ್ನ ತೋಳನ್ನೇ ನೋಡುತ್ತಿದ್ದ. ಅವನು ಹಿಡಿದ ಜಾಗದಲ್ಲಿ ಐದು ಬೆರಳು ಮೂಡಿದ್ದವು. ನಾಲ್ಕು ಒಂದು ಕಡೆ, ಹೆಬ್ಬೆರಳು ಇನ್ನೊಂದು ಕಡೆ. ನಾವೆಲ್ಲ ನೋಡುತ್ತಿದ್ದ ಹಾಗೇ ಅವು ಕೆಂಪಿನಿಂದ ಕಪ್ಪಾದವು.

"ನಾನು ಬರೀ ಹಿಡ್ಕೊಂಡೆ" ಅಂದ ಅಣ್ಣ. "ಅಮ್ಮಾ, ನಾನು ಬರೀ ಹಿಡ್ಕೊಂಡಿದ್ದು."

ಮುರಿದ ಕೈಯನ್ನು ಇನ್ನೊಂದು ಕೈಯಲ್ಲಿ ಇಟ್ಟುಕೊಂಡು ಇವರು ಅಂಗಳದ ಮಧ್ಯದಿಂದ ಹೇಳಿದರು. "ನಾನು ಹಿಡ್ಕೊಂಡೂ ಇಲ್ಲ ಭಾವ. ಮುಟ್ಟಿದ್ರೆ ಕಲೆ ಬೀಳುತ್ತೆ ಅಂತ ಮುಟ್ಟದೇ ಒಂದ್ ತಿಂಗಳಾಯ್ತು."

ಆಸ್ಪತ್ರೆಗೆ ನಾವು ನಾಲ್ವರೂ ಒಂದೇ ಆಟೋದಲ್ಲಿ ಹೋದೆವು. ಓಡಿಸುವವನು ಕನ್ನಡಿಯನ್ನು ನಮ್ಮ ಕಡೆ ತಿರುಗಿಸಿಕೊಂಡ.

ಭದ್ರಾವತಿಯ ಆಸ್ಪತ್ರೆಯಲ್ಲಿ ಡ್ಯೂಟಿ ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಮೂಗಿಗೆ ಗಾಜ್ ತುರುಕಿದರು. ಬೆನ್ನು ನೋಡಿದರು, ತೋಳು ನೋಡಿದರು. ಎಲ್ಲರನ್ನೂ ಹೊರಗೆ ಕಳಿಸಿ ಪರದೆ ಎಳೆದರು.

"ನಿಜ ಹೇಳಿ. ಯಾರು ಹೊಡೀತಾರೆ ನಿಮಗೆ?"

"ಯಾರೂ ಇಲ್ಲ ಡಾಕ್ಟ್ರೇ."

"ಎಲ್ಲರೂ ಹೀಗೇ ಹೇಳ್ತಾರೆ" ಅಂದು ಎಂಎಲ್‌ಸಿ ಬರೆದರು. ಹೊಡೆದಾಟದ ಕೇಸು ಬಂದರೆ ಹಾಗೆ ಬರೆದು ಪೊಲೀಸರಿಗೆ ತಿಳಿಸಬೇಕಂತೆ. ರಕ್ತ ತೆಗೆದ ಜಾಗ ನಿಂಬೆಹಣ್ಣಿನಷ್ಟು ಊದಿತು. ಒಂದು ಗಂಟೆಯ ಮೇಲೆ ರಿಪೋರ್ಟ್ ಬಂತು. ಅದನ್ನು ಹಿಡಿದುಕೊಂಡು ಬಂದ ಡಾಕ್ಟರ ಮುಖ ಬೇರೆಯೇ ಆಗಿತ್ತು. ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ಒಂದೂವರೆ ಲಕ್ಷದ ಮೇಲಿರಬೇಕು.

ನನ್ನದು ಆರು ಸಾವಿರ.

"ಅಲ್ಲಾಡಬೇಡಿ" ಅಂದರು. "ಕೆಮ್ಮಬೇಡಿ. ತಿಣುಕಬೇಡಿ." ಆಂಬುಲೆನ್ಸಿನಲ್ಲಿ ಶಿವಮೊಗ್ಗಕ್ಕೆ ಕಳಿಸಿದರು. ಎರಡು ಗಂಟೆಯ ಹಿಂದೆ ತೊಂಬತ್ತು ಕೆಜಿಯ ಅಣ್ಣನನ್ನು ಎತ್ತಿ ಎಸೆದವಳು ಈಗ ಕೆಮ್ಮಲೂ ಹೆದರಿ ಮಲಗಿದ್ದೆ.

ಶಿವಮೊಗ್ಗದ ದೊಡ್ಡ ಆಸ್ಪತ್ರೆಯಲ್ಲಿ ನನ್ನನ್ನು ನೋಡಿದ ತಜ್ಞರು ಸಮಾಧಾನದ ಮನುಷ್ಯ. ಡೆಂಗ್ಯೂ ಅಲ್ಲ ಅಂತ ಖಾತ್ರಿ ಮಾಡಿಕೊಂಡು, ಮತ್ತೆ ಕೆಲವು ಟೆಸ್ಟು ಮಾಡಿಸಿ, ಐಟಿಪಿ ಅಂದರು. "ಮೈಯಲ್ಲಿ ಕಾವಲು ಕಾಯೋ ಸೈನಿಕರು ಇರ್ತಾರಲ್ಲ, ಅವರಿಗೆ ಗುರುತು ತಪ್ಪಿದೆ. ಪ್ಲೇಟ್‌ಲೆಟ್‌ಗಳನ್ನ ವೈರಿ ಅಂತ ತಿಳ್ಕೊಂಡು ಹೊಡೆದು ಹಾಕ್ತಿದಾರೆ. ಯಾಕೆ ಅಂದ್ರೆ ಬಹಳ ಸಲ ಕಾರಣ ಗೊತ್ತಾಗಲ್ಲ."

ಕಾವಲು ಕಾಯುವವರು ಗುರುತು ತಪ್ಪಿ ಮನೆಯವರನ್ನೇ ಹೊಡೆಯುವುದು. ನಮ್ಮ ಮನೆಯ ರೀತಿಯೇ ಬಿಡಿ ಅಂದುಕೊಂಡೆ.

"ಭಾರ ಎತ್ತಿದ್ದಕ್ಕೆ ಬಂತಾ ಸರ್?"

"ಭಾರದಿಂದ ರೋಗ ಬರಲಿಲ್ಲ. ಒತ್ತಿದ ಕಡೆಯೆಲ್ಲ ಸಣ್ಣ ರಕ್ತನಾಳ ಒಡೀತು, ಅಷ್ಟೆ. ಜಿಮ್ಮಿನ ಬೆಂಚು, ಬಸ್ಸಿನ ಸೀಟು, ಏನು ತಾಗಿದ್ರೂ. ಆದ್ರೆ ಈ ಕೌಂಟಲ್ಲಿ ಉಸಿರು ಕಟ್ಟಿ ಎಂಬತ್ತು ಕೆಜಿ ಎತ್ತಿದ್ದೀರಲ್ಲಮ್ಮ. ತಲೆ ಒಳಗೆ ಒಡೆದಿದ್ರೆ ನಾವು ಮಾತಾಡ್ತಾ ಇರ್ತಿರಲಿಲ್ಲ."

ಅಣ್ಣ ಬಾಗಿಲಲ್ಲಿ ನಿಂತಿದ್ದ. ತುಟಿ ಊದಿಕೊಂಡಿತ್ತು. "ನನ್ನ ರಕ್ತ ತಗೊಳ್ಳಿ ಸರ್. ಎಷ್ಟು ಬೇಕಾದ್ರೂ ತಗೊಳ್ಳಿ" ಅಂದ. ಅದೂ ಪ್ರಯೋಜನವಿಲ್ಲ, ಹಾಕಿದ್ದನ್ನೂ ಮೈ ಹೊಡೆದು ಹಾಕುತ್ತದೆ, ತೀರಾ ಅಪಾಯವಾದರೆ ಮಾತ್ರ ಅಂದರು ಡಾಕ್ಟರು. ಅಣ್ಣ ಅಂಗಿಯ ತೋಳು ಮಡಚಿಕೊಂಡೇ ನಿಂತಿದ್ದ. ಸ್ವಲ್ಪ ಹೊತ್ತಾದ ಮೇಲೆ ಇಳಿಸಿಕೊಂಡ. ನನಗೆ ಸ್ಟೆರಾಯ್ಡ್ ಡ್ರಿಪ್ ಹಾಕಿದರು. ಪಕ್ಕದ ಹಾಸಿಗೆಯ ಮುದುಕಿ ಮಾತ್ರ ಡಾಕ್ಟರನ್ನು ನಂಬದೆ, "ಪರಂಗಿ ಎಲೆ ರಸ ಕುಡಿ ಮಾರಾಯ್ತಿ" ಅಂತ ಗಂಟೆಗೊಮ್ಮೆ ಹೇಳುತ್ತಿದ್ದಳು.

ಮರುದಿನ ಬೆಳಗ್ಗೆ ಮಹಿಳಾ ಪೊಲೀಸ್ ಒಬ್ಬರು ಬಂದರು. ಎಂಎಲ್‌ಸಿ ಬರೆದಿದ್ದರಲ್ಲ, ಅದಕ್ಕೆ. ಅಮ್ಮ ನನ್ನ ಕಾಲ ಬಳಿ ಕೂತಿದ್ದಳು. ಅಣ್ಣ ಹೊರಗಿನ ಬೆಂಚಿನಲ್ಲಿದ್ದ. ಇವರು ಬಲಗೈಗೆ ಪಟ್ಟಿ ಹಾಕಿಸಿಕೊಂಡು ಆಗ ತಾನೇ ವಾರ್ಡಿಗೆ ಬಂದಿದ್ದರು. ಒಂದು ಕಣ್ಣು ಮುಚ್ಚಿಹೋಗಿತ್ತು. ಪೊಲೀಸಿನವರು ಮೊದಲು ನನ್ನ ಹೇಳಿಕೆ ಬರೆದುಕೊಂಡರು: ಕಾಯಿಲೆ, ಯಾರೂ ಹೊಡೆದಿಲ್ಲ. ಡಾಕ್ಟರ ಚೀಟಿ ನೋಡಿ ಒಪ್ಪಿದರು. ಆಮೇಲೆ ಇವರ ಕಡೆ ತಿರುಗಿದರು.

"ನಿಮಗೇನಾಯ್ತು? ಕೈ, ಕಣ್ಣು?"

ಇವರು ಬಾಗಿಲ ಕಡೆ ನೋಡಿದರು. ಅಮ್ಮನನ್ನು ನೋಡಿದರು.

"ಬಚ್ಚಲಲ್ಲಿ ಜಾರಿ ಬಿದ್ದೆ ಮೇಡಂ."

ನನ್ನ ಮೈಯೆಲ್ಲ ಉರಿಯಿತು. ಈ ಮಾತನ್ನು ಇವರಿಗೆ ಯಾರೂ ಕಲಿಸಿರಲಿಲ್ಲ. ನಮ್ಮ ಮನೆಯ ಅಳಿಯನಾಗಿ ಹನ್ನೆರಡು ವರ್ಷಕ್ಕೆ ತಾನಾಗಿ ಬಂದುಬಿಟ್ಟಿತ್ತು. ಅಮ್ಮ ತಲೆ ತಗ್ಗಿಸಿ ಸೆರಗಿನ ಅಂಚು ಸುರುಳಿ ಸುತ್ತುತ್ತಿದ್ದಳು. ಸುಮ್ಮನಿದ್ದರೆ ಅಣ್ಣ ಉಳಿಯುತ್ತಾನೆ, ಹಬ್ಬ ಉಳಿಯುತ್ತದೆ, ತವರು ಉಳಿಯುತ್ತದೆ. ಇವರ ಎರಡು ಬೆರಳು ಮಾತ್ರ ಬಚ್ಚಲಿಗೆ ಹೋಗುತ್ತವೆ.

"ಸುಳ್ಳು" ಅಂದೆ. ಮೂಗಿನಲ್ಲಿ ಗಾಜ್ ಇದ್ದಿದ್ದರಿಂದ ದನಿ ವಿಚಿತ್ರವಾಗಿ ಬಂತು. "ಇವರು ಬಿದ್ದಿಲ್ಲ. ನಮ್ಮಣ್ಣ ಹೊಡೆದ. ಬೆರಳು ಅವನೇ ಮುರಿದ. ಅವನಿಗೆ ನಾನೂ ಹೊಡೆದಿದ್ದೀನಿ, ಅದನ್ನೂ ಬರ್ಕೊಳ್ಳಿ."

ಅಣ್ಣ ಒಳಗೆ ಬಂದ. "ಹೌದು ಮೇಡಂ, ನಾನೇ" ಅಂದ. ತಪ್ಪಿಸಿಕೊಳ್ಳಲಿಲ್ಲ, ಅಳಲಿಲ್ಲ. ಅವರ ಹಿಂದೆ ನಡೆದುಕೊಂಡು ಹೋದ. ಇವರು ಕೇಸು ಬೇಡ ಅಂತ ಕೈಮುಗಿದಿದ್ದಕ್ಕೆ ಸ್ಟೇಷನ್ನಿನಲ್ಲಿ ಮುಚ್ಚಳಿಕೆ ಬರೆಸಿಕೊಂಡು, ಇನ್ನೊಂದು ಸಲ ಹೀಗಾದರೆ ಒಳಗೆ ಹಾಕುತ್ತೇವೆ ಅಂತ ಹೇಳಿ ಸಂಜೆ ಬಿಟ್ಟರು.

ಅಮ್ಮ ಚೀಲ ಎತ್ತಿಕೊಂಡಳು. "ಒಡಹುಟ್ಟಿದವನನ್ನ ಪೊಲೀಸಿಗೆ ಹಿಡ್ಕೊಟ್ಟೆಯಲ್ಲೇ. ಇಷ್ಟ್ ವರ್ಷದಲ್ಲಿ ನಾನು ಒಂದು ದಿನ ಬಾಯಿ ಬಿಟ್ಟಿದ್ದೀನಾ?"

"ಬಿಡಬೇಕಿತ್ತು" ಅಂದೆ.

ಅಮ್ಮ ಹೊರಟುಹೋದಳು. ಐದು ತಿಂಗಳು ಫೋನು ಮಾಡಲಿಲ್ಲ.

ಆ ಐದು ತಿಂಗಳ ವಿಷಯ ಹೆಚ್ಚು ಬರೆಯುವುದಿಲ್ಲ. ಕಾಯಿಲೆ ಬಿದ್ದವರ ದಿನಗಳು ಕಾಯಿಲೆ ಬೀಳದವರಿಗೆ ಬಹಳ ಬೇಸರ. ಸ್ಟೆರಾಯ್ಡ್‌ನಿಂದ ಮುಖ ದೋಸೆ ಕಾವಲಿಯಷ್ಟು ಅಗಲವಾಯಿತು. ನಿದ್ದೆ ಹೋಯಿತು, ಹಸಿವು ಬಂತು. ಸಿಟ್ಟು ಮೊದಲೇ ಇತ್ತು, ಈಗ ಅದಕ್ಕೆ ಮಾತ್ರೆಯ ಬಲವೂ ಸೇರಿತು. ಒಂದು ದಿನ ಇಡ್ಲಿ ತಟ್ಟೆಯನ್ನು ಗೋಡೆಗೆ ಎಸೆದೆ. ಇನ್ನೊಂದು ದಿನ ಇವರು ಎಡಗೈಯಲ್ಲಿ ಅನ್ನ ಕಲಸಲು ಒದ್ದಾಡುವುದನ್ನು ನೋಡಲಾರದೆ, ನೋಡಲಾರದ್ದಕ್ಕೇ ಇವರ ಮೇಲೆ ಕೂಗಾಡಿದೆ. ಇವರು ತಟ್ಟೆ ಎತ್ತಿಟ್ಟುಕೊಂಡು ಸುಮ್ಮನೆ ಉಂಡರು. ಅವತ್ತು ನನ್ನ ಕೈ ನೋಡಿಕೊಂಡೆ. ಅಪ್ಪನ ಕೈ ಹಾಗೇ ಇತ್ತು, ಗಿಡ್ಡ ಬೆರಳು, ದಪ್ಪ ಮಣಿಕಟ್ಟು. ಆಮೇಲೆ ಸಿಟ್ಟು ಬಂದಾಗಲೆಲ್ಲ ಮಹಡಿ ಹತ್ತಿ ಇಳಿಯುವುದನ್ನು ಅಭ್ಯಾಸ ಮಾಡಿಕೊಂಡೆ.

ವಾರಕ್ಕೊಮ್ಮೆ ಲ್ಯಾಬು. ಕೌಂಟು ಇಪ್ಪತ್ತೆಂಟು ಸಾವಿರವಾಯಿತು, ಎಪ್ಪತ್ತಾಯಿತು. ಮಾತ್ರೆ ಕಡಿಮೆ ಮಾಡುತ್ತಲೇ ಹತ್ತೊಂಬತ್ತಕ್ಕೆ ಬಿತ್ತು. ಅವತ್ತು ರಿಪೋರ್ಟ್ ಹಿಡಿದುಕೊಂಡು ಬಸ್ ಸ್ಟ್ಯಾಂಡಿನಲ್ಲಿ ಕೂತು ಅತ್ತೆ. ಬೇರೆ ಮಾತ್ರೆ ಸೇರಿಸಿದರು. ನಿಧಾನವಾಗಿ ಮತ್ತೆ ಏರಿತು. ರಾಣಿ ದಿಂಬನ್ನು ಆಸಿಫ್ ಸರ್ ಮನೆಗೆ ತಂದುಕೊಟ್ಟರು. "ರಾಡು ಎಲ್ಲೂ ಹೋಗಲ್ಲ ಅಕ್ಕಾ. ನೀವು ಇರಿ ಮೊದಲು" ಅಂದರು. ಅದನ್ನು ತಲೆಗೆ ಹಾಕಿಕೊಂಡು ಮಲಗುತ್ತಿದ್ದೆ.

ಇವರ ನಡುಬೆರಳು ಸರಿಯಾಯಿತು. ತೋರುಬೆರಳು ಮಡಚುವುದಿಲ್ಲ. ದೊಡ್ಡ ಕತ್ತರಿಯ ಹಿಡಿಯಲ್ಲಿ ಅದು ತೂರುತ್ತಿರಲಿಲ್ಲ. ಬಟ್ಟೆ ಕತ್ತರಿಸಲು ಬೇರೆಯವರನ್ನು ಕರೆಯುತ್ತಿದ್ದರು. ಹಾಗೆ ಕರೆದ ದಿನ ಮನೆಗೆ ಬಂದು ಮಾತಾಡುತ್ತಿರಲಿಲ್ಲ.

ಅಣ್ಣ ಪ್ರತಿ ಭಾನುವಾರ ಭದ್ರಾವತಿಯಿಂದ ಬಂದು ಅಂಗಡಿಯ ಎದುರಿನ ಕಟ್ಟೆಯಲ್ಲಿ ಕೂರುತ್ತಿದ್ದನಂತೆ. ಒಳಗೆ ಬರುತ್ತಿರಲಿಲ್ಲ. ಇವರೂ ಕರೆಯುತ್ತಿರಲಿಲ್ಲ. ಒಂದು ಭಾನುವಾರ ಬಂದವನು ಪೇಪರಿನಲ್ಲಿ ಸುತ್ತಿದ ಏನನ್ನೋ ಮೇಜಿನ ಮೇಲಿಟ್ಟು ಹೋದ. ಬಿಚ್ಚಿ ನೋಡಿದರೆ ದರ್ಜಿ ಕತ್ತರಿ. ಹಿಡಿಯನ್ನು ಕತ್ತರಿಸಿ, ಅಗಲ ಮಾಡಿ, ತೋರುಬೆರಳು ನೆಟ್ಟಗೆ ಚಾಚಿಕೊಳ್ಳಲು ಪಕ್ಕದಲ್ಲಿ ಜಾಗ ಬಿಟ್ಟು ಬೆಸುಗೆ ಹಾಕಿದ್ದ. ಎದುರಿನ ಕಟ್ಟೆಯಿಂದ ಅಷ್ಟು ದಿನ ಇವರ ಕೈಯನ್ನೇ ನೋಡಿ ಅಳತೆ ತೆಗೆದುಕೊಂಡಿದ್ದ ಅಂತ ಕಾಣುತ್ತದೆ. ಎರಡು ವಾರ ಅದು ಮೇಜಿನ ಕೆಳಗೇ ಬಿದ್ದಿತ್ತು. ಮೂರನೆಯ ವಾರ ಇವರು ಅದರಲ್ಲಿ ಒಂದು ಲಂಗ ಕತ್ತರಿಸಿದರು.

"ಕತ್ತರಿ ಚೆನ್ನಾಗಿದೆ" ಅಂದರು ನನಗೆ. "ಹಂಗಂತ ಕ್ಷಮಿಸಿದೀನಿ ಅಂತಲ್ಲ."

ಯುಗಾದಿಗೆ ಎರಡು ದಿನ ಇದ್ದಾಗ ಅಮ್ಮನ ಫೋನು ಬಂತು. ಹೇಗಿದ್ದೀ ಅಂತ ಕೇಳಲಿಲ್ಲ. "ಎಣ್ಣೆ ಹಚ್ತೀನಿ, ಬಾ" ಅಂದಳು. ಆ ವಾರದ ಕೌಂಟು ತೊಂಬತ್ತು ಸಾವಿರದ ಮೇಲಿತ್ತು. ತಿಕ್ಕದೆ ಹಗುರಕ್ಕೆ ಸವರಬಹುದು ಅಂತ ಡಾಕ್ಟರನ್ನು ಕೇಳಿಕೊಂಡು ಹೋದೆ. ಇವರು ಬರಲಿಲ್ಲ. ಬನ್ನಿ ಅಂತ ನಾನೂ ಕರೆಯಲಿಲ್ಲ. ಹೋದಾಗ ಅಣ್ಣ ಹಂಡೆಗೆ ಉರಿ ಹಾಕುತ್ತಿದ್ದ. ನನ್ನನ್ನು ನೋಡಿ ಎದ್ದು ಹೊರಗೆ ಹೋದ.

ಅದೇ ಬಚ್ಚಲು, ಅದೇ ಮಣೆ. ಬಲ್ಬು ಮಾತ್ರ ಹೊಸದು ಹಾಕಿಸಿದ್ದಳು, ಬೆಳಕು ಜಾಸ್ತಿಯಿತ್ತು. ಅಮ್ಮ ಬೆನ್ನಿನ ಮೇಲೆ ಎಣ್ಣೆ ಸವರಿದಳು. ಎಷ್ಟು ಹಗುರವಾಗಿ ಅಂದರೆ ಕೈ ಇದೆಯೋ ಇಲ್ಲವೋ ಗೊತ್ತಾಗುತ್ತಿರಲಿಲ್ಲ. ಬೆನ್ನನ್ನು ಇಂಚು ಇಂಚಾಗಿ ನೋಡಿದಳು.

"ಏನೂ ಇಲ್ಲ" ಅಂದಳು.

"ಹೂಂ. ಸದ್ಯಕ್ಕಿಲ್ಲ."

ನಾನು ಏಳುವಷ್ಟರಲ್ಲಿ ಎಣ್ಣೆ ಬಟ್ಟಲನ್ನು ನನ್ನ ಕೈಗೆ ಕೊಟ್ಟಳು. ನನ್ನನ್ನು ಸರಿಸಿ ತಾನು ಮಣೆಯ ಮೇಲೆ ಕೂತಳು. ಗೋಡೆಯ ಕಡೆ ಮುಖ ಮಾಡಿ ರವಿಕೆಯ ಹುಕ್ಕು ಬಿಚ್ಚಿದಳು. ಮೂವತ್ತಾರು ವರ್ಷದಲ್ಲಿ ನಾನು ನನ್ನ ಅಮ್ಮನ ಬೆನ್ನು ನೋಡಿದವಳಲ್ಲ.

ಕತ್ತಿನ ಕೆಳಗಿನಿಂದ ಎಡ ಹೆಗಲಿನವರೆಗೆ ಚರ್ಮ ಸುಕ್ಕುಗಟ್ಟಿ, ಗಂಟುಗಂಟಾಗಿ, ಹೊಳೆಯುತ್ತಿತ್ತು. ಸುಟ್ಟ ಗಾಯ, ಬಹಳ ಹಳೆಯದು. ಮುಟ್ಟಬಹುದೋ ಬಾರದೋ ಗೊತ್ತಾಗದೆ ಎಣ್ಣೆ ಕೈಯಲ್ಲಿ ಹಿಡಿದು ನಿಂತೆ.

"ಹಚ್ಚು" ಅಂದಳು.

ಹಚ್ಚಿದೆ.

"ಬಚ್ಚಲೊಲೆಯಿಂದ ಕೊಳ್ಳಿ ಎಳ್ಕೊಂಡ್ರು ನಿಮ್ಮಪ್ಪ. ನೀನಿನ್ನೂ ಹೊಟ್ಟೇಲಿದ್ದೆ. ಲೋಕೇಶ ಅಲ್ಲೇ ನಿಂತಿದ್ದ." ಗೋಡೆಯ ಕಡೆಗೇ ಹೇಳುತ್ತಿದ್ದಳು, ದನಿಯಲ್ಲಿ ಅಳು ಇರಲಿಲ್ಲ. "ನಾನು ಯಾವತ್ತೂ ಜಾರಿ ಬಿದ್ದಿಲ್ಲ ಕಣೇ. ಒಂದ್ಸಲನೂ ಇಲ್ಲ."

"ಗೊತ್ತಮ್ಮ."

"ನಿನಗೆ ಗೊತ್ತು. ನಾನು ಹೇಳಿರಲಿಲ್ಲ."

ನೀರು ಹೊಯ್ದೆ. ಬೆನ್ನು ಒರೆಸಿದೆ. ರವಿಕೆ ತೊಡುತ್ತಾ ಅಮ್ಮ ಹುಕ್ಕು ಹಾಕುವುದನ್ನು ನಿಲ್ಲಿಸಿ, "ನಿನ್ನ ಗಂಡನ್ನ ಕೇಳು" ಅಂದಳು. "ಅವರಿಗೆ ಆಗೋದಾದ್ರೆ, ಈ ಸಲದ್ದು ಬೆನ್ನು ಸ್ವಲ್ಪ ಇಳಿಸಿ ಹೊಲೀಲಿ. ಸೆಕೆ ತಡೆಯಕ್ಕಾಗಲ್ಲ."

ಸಂಜೆ ಶಿವಮೊಗ್ಗಕ್ಕೆ ಬಂದು ಅಂಗಡಿಗೇ ಹೋಗಿ ಎಲ್ಲವನ್ನೂ ಹೇಳಿದೆ. ಇವರಿಗೆ ಆಶ್ಚರ್ಯವಾಗಲಿಲ್ಲ. ಅಮ್ಮ ಅಳತೆಗೆ ಕೊಡುತ್ತಿದ್ದ ರವಿಕೆಯ ಬೆನ್ನಿಗೆ ಒಳಗಡೆಯಿಂದ ಮೆತ್ತನೆಯ ಹಳೇ ಪಂಚೆಯ ತುಂಡೊಂದನ್ನು ಕೈಯಲ್ಲೇ ಹೊಲಿದುಕೊಂಡಿರುತ್ತಿದ್ದಳಂತೆ. ಒರಟು ತಾಗಬಾರದ್ದು ಏನೋ ಇದೆ ಅಂತ ಇವರಿಗೆ ಮೊದಲ ವರ್ಷವೇ ಅನಿಸಿತ್ತಂತೆ. ಕೇಳುವುದು ಹೇಗೆ ಅಂತ ಸುಮ್ಮನಿದ್ದರು.

ನನ್ನ ಕಾಯಿಲೆ ಹೋಗಿಲ್ಲ. ಮಲಗಿದೆ ಅಂತಾರೆ ಡಾಕ್ಟರು. ನಾಳೆ ಕೌಂಟು ಬೀಳಬಹುದು, ಬೀಳದೆಯೂ ಇರಬಹುದು. ಇನ್ನೊಂದು ಮೂರು ತಿಂಗಳು ಹೀಗೇ ಇದ್ದರೆ ಖಾಲಿ ರಾಡು ಎತ್ತಲು ಒಪ್ಪಿಗೆ ಕೊಡುತ್ತಾರಂತೆ. ನನಗೆ ಅಷ್ಟು ಸಾಕು. ಬೆಳಗ್ಗೆ ಎದ್ದ ತಕ್ಷಣ ಇವರು ನನ್ನ ಬೆನ್ನು ನೋಡಿ "ಏನೂ ಇಲ್ಲ" ಅನ್ನುತ್ತಾರೆ, ನಾನು ಇವರ ತೋರುಬೆರಳನ್ನು ಬಿಸಿನೀರಿನಲ್ಲಿ ಇಟ್ಟು ಮಡಚಲು ನೋಡುತ್ತೇನೆ.

ಯುಗಾದಿಯ ಆ ಸಂಜೆ ಇವರು ಬಟ್ಟೆ ಹಾಸಿ ಸೀಮೆಸುಣ್ಣ ಹುಡುಕಿದರು. ಮೇಜಿನ ಕೆಳಗಿಂದ ಅಣ್ಣನ ಕತ್ತರಿ ತೆಗೆದು ಪಕ್ಕಕ್ಕಿಟ್ಟುಕೊಂಡರು.

"ಎಷ್ಟು ಇಳಿಸ್ಬೇಕಂತೆ?"

"ಸ್ವಲ್ಪ ಅಂದ್ಲು."

"ಮೊದಲು ಎರಡಿಂಚು ಇಳಿಸ್ತೀನಿ" ಅಂದರು. "ಬೇಕು ಅಂದ್ರೆ ಆಮೇಲೆ ಇನ್ನೂ ಇಳಿಸಬಹುದು."